ಅಕ್ಕ ಕೋಳಿ ಬಿಟ್ಟ ವರ್ಷ

ಅಕ್ಕ ಕೋಳಿ ತಿನ್ನುವುದನ್ನು ಬಿಟ್ಟದ್ದು ಗುಳಿಗೆ ಶುರುವಾದ ವಾರದಲ್ಲೇ. ಶೀಳನೆರೆಯ ಹತ್ತಿರ ಅವಳ ಗಂಡನ ಮನೆ. ಹಿತ್ತಿಲ ತುಂಬ ನಾಟಿ ಕೋಳಿ ಓಡಾಡುತ್ತಿದ್ದ, ನೆಂಟರು ಬಂದರೆ ಕೋಳಿ ಸಾರು ಮುದ್ದೆ ಬಿಟ್ಟು ಬೇರೆ ಮಾತೇ ಇಲ್ಲದ ಮನೆ. ಅಂಥಲ್ಲಿ ಸಾರು ಕುದಿಯುವ ಹೊತ್ತಿಗೆ ಅಕ್ಕ ಎದ್ದು ಜಗುಲಿಗೆ ಬಂದು ಕೂರುತ್ತಿದ್ದಳು. ಅವಳ ಅತ್ತೆ ಅವಳಿಗೆಂದು ಬೇರೆ ಪಾತ್ರೆಯಲ್ಲಿ ಕಾಳಿನ ಸಾರು ಮಾಡುತ್ತಿದ್ದರು. ಒಂದರ ಸೌಟು ಇನ್ನೊಂದಕ್ಕೆ ತಾಗದ ಹಾಗೆ ನೋಡಿಕೊಳ್ಳುತ್ತಿದ್ದರು. ಸ್ವಲ್ಪ ದಿನ ಕಳೆದ ಮೇಲೆ ಭಾವ ಕೋಳಿಗೂಡನ್ನೇ ಕಿತ್ತು ಗದ್ದೆಯ ಪಂಪ್‌ಸೆಟ್ ಮನೆಗೆ ಸಾಗಿಸಿದರು.

ನಾನು ಕೇಳಿದ್ದಕ್ಕೆ ಅಕ್ಕ ಹೇಳಿದ್ದು ಇಷ್ಟು: "ಡಾಕ್ಟ್ರು ಎಲ್ಲಾ ಯೋಳವ್ರೆ ಕಣೆ. ಉಪ್ಪು ಕಮ್ಮಿ ಮಾಡು ಅಂದವ್ರೆ, ಬಿಸಿಲಿಗೆ ಓಗ್ಬೇಡ ಅಂದವ್ರೆ, ಕೋಳಿ ಬ್ಯಾಡ ಅಂದವ್ರೆ, ಜ್ವರ ಬಂದ್ರೆ ಒಡ್ನೆ ಬಾ ಅಂದವ್ರೆ. ಅಂಗೇ ನಡ್ಕತಾ ಇವ್ನಿ."

ಅವಳ ಮೂತ್ರಪಿಂಡಗಳು ಸೋತಿದ್ದವು. ಪ್ರೋಟೀನು ಕಡಿಮೆ ಮಾಡಲೆಂದು ಹೇಳಿರಬೇಕು ಎಂದುಕೊಂಡೆ. ಓದಿದವರಿಗೆ ಪ್ರತಿಯೊಂದಕ್ಕೂ ಒಂದು ಕಾರಣ ಹೊಳೆಯುತ್ತದೆ.

ಕಾಯಿಲೆ ಕಾಣಿಸಿಕೊಂಡದ್ದು ಅವಳು ಬಾಣಂತನಕ್ಕೆ ಬಂದಿದ್ದಾಗ, ಪಾಂಡವಪುರ ತಾಲೂಕಿನ ನಮ್ಮ ಊರಿನಲ್ಲಿ. ಬೆಳಿಗ್ಗೆ ಎದ್ದರೆ ಬೆರಳು ಮಡಿಚಲು ಆಗುತ್ತಿರಲಿಲ್ಲ. ಮೂಗಿನ ಎರಡೂ ಪಕ್ಕ ಕೆನ್ನೆಗಳು ಕೆಂಪಗೆ ಉರಿಯುತ್ತಿದ್ದವು. ಬಾಣಂತಿ ನಂಜು ಎಂದರು, ಕಷಾಯ ಕೊಟ್ಟರು. ಮಗು ನಡೆಯಲು ಕಲಿಯುವ ಹೊತ್ತಿಗೆ ಅಕ್ಕನ ಕಾಲು ಊದಿ ನಡೆಯುವುದೇ ಕಷ್ಟವಾಯಿತು. ಭಾವ ಅವಳನ್ನು ಮೈಸೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತು: ಲೂಪಸ್.

ಆಗ ತೊಂಬತ್ತರ ದಶಕದ ನಡುವಿನ ವರ್ಷಗಳು. ನಾನು ಮೈಸೂರಿನಲ್ಲೇ ಹಾಸ್ಟೆಲಿನಲ್ಲಿದ್ದು ಜೀವರಸಾಯನಶಾಸ್ತ್ರದ ಎಂ.ಎಸ್‌ಸಿ. ಓದುತ್ತಿದ್ದೆ. ಆ ದಿನ ಪರೀಕ್ಷೆಯಿದ್ದುದರಿಂದ ಆಸ್ಪತ್ರೆಗೆ ಹೋಗಲಾಗಲಿಲ್ಲ. ಗುಳಿಗೆಯ ಚೀಟಿಯನ್ನು ಆಮೇಲೆ ನೋಡಿದೆ. ದೊಡ್ಡ ಪ್ರಮಾಣದ ಪ್ರೆಡ್ನಿಸೋಲೋನ್. ಸ್ಟೀರಾಯ್ಡು.

ಅದರ ಕೆಲಸ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ರೋಗಾಣು ಬಂದರೆ ಗುರುತಿಸಿ ಹೊಡೆಯುವ ಬಿಳಿ ಕಣಗಳು ನಮ್ಮ ರಕ್ತದಲ್ಲಿವೆ. ಲೂಪಸ್‌ನಲ್ಲಿ ಅವು ತಮ್ಮವರ ಗುರುತು ಮರೆತು ಚರ್ಮ, ಕೀಲು, ಮೂತ್ರಪಿಂಡಗಳ ಮೇಲೆ ಎರಗುತ್ತವೆ. ಅವುಗಳನ್ನು ಕಡಿಮೆ ಮಾಡದೆ ಬೇರೆ ದಾರಿಯಿಲ್ಲ. ಆದರೆ ಈ ಔಷಧಿ ವಿಷದ ಹಾಗೆ ಸುಟ್ಟು ಕೊಲ್ಲುವುದಿಲ್ಲ. ಕಣದ ಒಳಗೆ ಹೋಗಿ, ಅಲ್ಲಿ ಮೊದಲೇ ಬರೆದಿರುವ ಒಂದು ಪಾಠವನ್ನು ತೆರೆಯುತ್ತದೆ, ಅಷ್ಟೆ. ಹೇಗೆ ಸಾಯಬೇಕು ಎನ್ನುವುದನ್ನು ಪ್ರತಿಯೊಂದು ಕಣವೂ ಹುಟ್ಟುವಾಗಲೇ ಹೊತ್ತು ತಂದಿರುತ್ತದೆ. ಆ ಪಾಠ ತೆರೆದುಕೊಂಡ ಮೇಲೆ ಕಣ ಕುಗ್ಗುತ್ತದೆ, ತನ್ನ ಡಿಎನ್‌ಎಯನ್ನು ತಾನೇ ಒಂದೇ ಅಳತೆಯ ತುಂಡುಗಳಾಗಿ ಕತ್ತರಿಸಿಕೊಳ್ಳುತ್ತದೆ, ಸಣ್ಣ ಸಣ್ಣ ಗಂಟುಗಳಾಗಿ ಒಡೆಯುತ್ತದೆ. ಅಕ್ಕಪಕ್ಕದ ಕಣಗಳು ಆ ಗಂಟುಗಳನ್ನು ನುಂಗಿಬಿಡುತ್ತವೆ. ಕೀವಿಲ್ಲ, ಊತವಿಲ್ಲ. ಸತ್ತದ್ದು ದೇಹಕ್ಕೆ ತಿಳಿಯುವುದೇ ಇಲ್ಲ.

ನಮ್ಮ ಪ್ರಯೋಗಶಾಲೆಯಲ್ಲಿ ಇದನ್ನು ಮಾಡಿ ತೋರಿಸುತ್ತಿದ್ದರು. ಇಲಿಯ ಎದೆಯೊಳಗಿನ ಥೈಮಸ್ ಗ್ರಂಥಿಯಿಂದ ತೆಗೆದ ಬಿಳಿ ಕಣಗಳಿಗೆ ಅಕ್ಕನ ಔಷಧಿಯ ಜಾತಿಯದೇ ಇನ್ನೊಂದು ಸ್ಟೀರಾಯ್ಡನ್ನು ಹಾಕಿ ಇಟ್ಟು, ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ನೋಡುವುದು. ಹೊಳೆಯುತ್ತಿದ್ದ ದುಂಡು ಕಣಗಳು ಸುಕ್ಕುಗಟ್ಟಿ ದ್ರಾಕ್ಷಿ ಗೊಂಚಲಿನ ಹಾಗಾಗಿದ್ದವು. ನನ್ನ ಜೊತೆಯವರು ಒಬ್ಬರಾದ ಮೇಲೊಬ್ಬರು ಕಣ್ಣಿಟ್ಟು ನೋಡಿ, ಚಿತ್ರ ಬರೆದುಕೊಂಡು, ಕಾಫಿಗೆ ಹೋದರು. ನಾನು ಸ್ವಲ್ಪ ಹೆಚ್ಚು ಹೊತ್ತು ನೋಡಿದೆ. ಅಕ್ಕನ ವಿಷಯ ಅಲ್ಲಿ ಯಾರಿಗೂ ಹೇಳಿರಲಿಲ್ಲ.

ಆ ರಜೆಗೆ ಶೀಳನೆರೆಗೆ ಹೋದಾಗ ಅಕ್ಕ ಊಟದ ಮುಂದೆ ಕೂತು ಕೇಳಿದಳು, "ಲೇ, ಈ ಗುಳಿಗೆ ಒಳಗೋಗಿ ಅದೇನ್ ಮಾಡ್ತದೆ? ನೀನು ಓದಿರೋದು ಅದ್ನೇ ಅಂತಲ್ಲ."

ಹೇಳಿದೆ. ಗುಳಿಗೆ ಕೊಲ್ಲುವುದಿಲ್ಲ, ಸಾಯಿರಿ ಎಂದು ಹೇಳುತ್ತದೆ, ಕಣಗಳು ತಾವೇ ಸಾಯುತ್ತವೆ ಎಂದೆ.

"ಅಯ್ಯೋ ಮೂದೇವಿ! ಈ ಮನೇಲಿ ನಾನು ನೀರು ತಕಂಬನ್ನಿ ಅಂದ್ರೆ ಕೇಳೋರಿಲ್ಲ. ಗುಳಿಗೆ ಸಾಯಿ ಅಂದ್ರೆ ಸತ್ತೋಯ್ತವಾ?" ಎಂದು ಭಾವನ ಕಡೆ ನೋಡಿದಳು. ಭಾವ ಮುದ್ದೆ ಮುರಿಯುತ್ತ ನಕ್ಕರು. "ಆಮೇಲೆ ಎಣ ಎತ್ತೋರ್ ಯಾರು?"

"ಪಕ್ಕದ ಕಣಗಳು ನುಂಗಿಬಿಡ್ತವೆ."

"ಥೂ! ಉಣ್ಣೋ ವೊತ್ನಲ್ಲಿ ಯೋಳ್ತೀಯಲ್ಲೇ."

ಭಾವ ಜೋರಾಗಿ ನಕ್ಕು, "ಅಮ್ಮಿ, ನಿಮ್ಮಕ್ಕಂಗೆ ಪಾಠ ಯೋಳ್ಕೊಟ್ಟು ಪಾಸ್ ಮಾಡ್ಸೋದು ಆಗದ ಮಾತು ಬುಡು" ಎಂದರು. ಅಕ್ಕ ನಗಲಿಲ್ಲ. "ಒಳ್ಳೇವ್ಯಾವು ಕೆಟ್ಟವ್ಯಾವು ಅಂತ ಗುಳಿಗೆಗೆ ಗೊತ್ತಾಯ್ತದಾ?" ಎಂದಳು.

"ಇಲ್ಲ."

"ಅಂಗಾದ್ರೆ ಕಾವ್ಲಿಗೆ ಯಾರವ್ರೆ?"

ಉಳಿದವು ಕಾಯುತ್ತವೆ ಎಂದೆ. ಅದು ಸರಿಯಾದ ಉತ್ತರವೇ. ಎಷ್ಟು ಉಳಿದಿರುತ್ತವೆ ಎಂದು ಅವಳು ಕೇಳಲಿಲ್ಲ.

ಗುಳಿಗೆ ಕೆಲಸ ಮಾಡಿತು. ಕಾಲಿನ ಊತ ಇಳಿಯಿತು, ಬೆರಳು ಮಡಿಚಿದವು, ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡಳು. ಮುಖ ಮಾತ್ರ ದುಂಡಗಾಗಿ ಊದಿಕೊಂಡಿತು. ಸ್ಟೀರಾಯ್ಡು ತೆಗೆದುಕೊಳ್ಳುವವರಿಗೆಲ್ಲ ಹಾಗಾಗುತ್ತದೆ. ಊರಿನವರು ಅದನ್ನು ಆರೋಗ್ಯವೆಂದೇ ತಿಳಿದರು. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ, "ಏನವ್ವ, ಗಂಡ ಬಾಳ ಚೆನ್ನಾಗಿ ಇಕ್ತಾವ್ನೆ ಅನ್ನು, ಮುಖ ಉಂಡೆ ಮುದ್ದೆ ಆಗೈತೆ!" ಎಂದರೆ ಅಕ್ಕ, "ಗುಳಿಗೆ ಊಟ ಕಣಕ್ಕ, ನೀನೂ ಬಾ, ಬಡುಸ್ತೀನಿ" ಎನ್ನುತ್ತಿದ್ದಳು. ಎರಡನೆಯ ಮಗುವಿಗೆ ಬಸುರಿಯೆಂದೂ ಒಂದು ಸುದ್ದಿ ಹಬ್ಬಿತು. ಅವಳೇ ಅದನ್ನು ನನಗೆ ಹೇಳಿ, ಕನ್ನಡಿಯಲ್ಲಿ ಮುಖವನ್ನು ಒಂದು ಬೆರಳಿನಿಂದ ಒತ್ತಿ ನೋಡಿಕೊಂಡಳು. ಮದುವೆಗೆ ಮುಂಚೆ ಅವಳದು ಉದ್ದನೆಯ ಮುಖ.

ಮುಂದಿನ ವರ್ಷ ಶಿವರಾತ್ರಿ ಕಳೆದ ಮೇಲೆ ರಜೆ ಸಿಕ್ಕಿ ಊರಿಗೆ ಬಂದೆ. ಬ್ಯಾಗು ಇಳಿಸುವಾಗ ಅವ್ವ ಹೇಳಿದಳು, "ಅಲ್ಲಿ ಮಗೂಗೆ ಅಮ್ಮ ಆಗಿತ್ತಂತೆ ಕಣವ್ವ. ನೀರು ಉಯ್ದವ್ರಂತೆ, ವಾಸಿ ಆಗೈತೆ. ಈಗ ನಿಮ್ಮಕ್ಕಂಗೆ ಎದ್ದೈತಂತೆ."

ನಮ್ಮ ಕಡೆ ಸೀತಾಳೆ ಸಿಡುಬನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಅದು ಅಮ್ಮ. ಮಾರಮ್ಮ ಬಂದು ಮೈಮೇಲೆ ಕೂತಿದ್ದಾಳೆ ಎಂದೇ ಲೆಕ್ಕ. ಅವಳು ಇರುವಷ್ಟು ದಿನ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ, ಒಗ್ಗರಣೆ ಹಾಕುವುದಿಲ್ಲ, ತಲೆ ಬಾಚುವುದಿಲ್ಲ, ಚಪ್ಪಲಿ ಮೆಟ್ಟಿ ಒಳಗೆ ಬರುವುದಿಲ್ಲ. ಹೊರಗಿನವರು ಹೋಗುವುದಿಲ್ಲ, ಆ ಮನೆಯವರು ಯಾರನ್ನೂ ಕರೆಯುವುದೂ ಇಲ್ಲ. ಔಷಧಿಯನ್ನಂತೂ ಮುಟ್ಟುವ ಹಾಗಿಲ್ಲ. ಬಂದ ದೇವರನ್ನು ಮದ್ದು ಕೊಟ್ಟು ಓಡಿಸುತ್ತಾರೆಯೇ? ತಂಪು ಮಾಡಿ, ನೀರು ಹುಯ್ದು, ಅವಳಾಗಿ ಹೋಗುವ ಹಾಗೆ ಕಳಿಸಿಕೊಡಬೇಕು. ಮಗುವಿಗೆ ಹಾಗೆಯೇ ಮಾಡಿ ಕಳಿಸಿದ್ದರು. ಇಡೀ ಹೊತ್ತು ಬೇವಿನ ಸೊಪ್ಪಿನಲ್ಲಿ ಅದರ ಮೈ ಸವರುತ್ತ ಪಕ್ಕದಲ್ಲಿ ಮಲಗಿದ್ದವಳು ಅಕ್ಕ.

ಇಳಿಸಿದ ಬ್ಯಾಗನ್ನು ಅಲ್ಲಿಯೇ ಬಿಟ್ಟು ಮತ್ತೆ ರಸ್ತೆಗೆ ಹೋದೆ. ಅಮ್ಮ ಆದ ಮನೆಗೆ ಹೋಗಬಾರದು ಎಂದು ಅವ್ವ ಹಿಂದಿನಿಂದ ಕೂಗುತ್ತಿದ್ದಳು. ಕಬ್ಬು ಅರೆಯುವ ಕಾಲ. ಕಾರ್ಖಾನೆಗೆ ಹೊರಟ ಎತ್ತಿನ ಗಾಡಿಗಳ ಸಾಲು ದಾಟುವುದಕ್ಕೇ ಬಸ್ಸಿಗೆ ಬಹಳ ಹೊತ್ತು ಹಿಡಿಯಿತು. ಸೀತಾಳೆಯ ವೈರಾಣುವನ್ನು ತಡೆಯುವುದು ಯಾವ ಕಣಗಳು ಎಂದು ನನಗೆ ಗೊತ್ತಿತ್ತು. ವರ್ಷದಿಂದ ದಿನವೂ ಬೆಳಿಗ್ಗೆ ತಿಂಡಿಯಾದ ಮೇಲೆ ಅಕ್ಕ ಸಾಯಿಸುತ್ತ ಬಂದದ್ದು ಅವನ್ನೇ.

ಅವಳನ್ನು ನಡುಮನೆಯ ಮೂಲೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಮುಖದಲ್ಲಿ ಗುಳ್ಳೆಯಿಲ್ಲದ ಜಾಗವಿರಲಿಲ್ಲ. ಮಗುವಿಗೆ ಎದ್ದ ಹಾಗೆ ನೀರುಗುಳ್ಳೆಗಳಲ್ಲ, ಕೆಲವು ಕಪ್ಪಗೆ ರಕ್ತಗಟ್ಟಿದ್ದವು. ಸಣ್ಣ ಸಣ್ಣ ಉಸಿರು ಎಳೆಯುತ್ತಿದ್ದಳು. ನನ್ನನ್ನು ನೋಡಿ, "ಬಂದ್ಯಾ, ಬೆನ್ನು ಬಾಳ ನೋಯ್ತದೆ ಕಣೆ" ಎಂದಳು.

ಗುಳಿಗೆ ಎಲ್ಲಿ ಎಂದು ಅತ್ತೆಯನ್ನು ಕೇಳಿದೆ. ಅವರು ದೇವರ ಗೂಡನ್ನು ತೋರಿಸಿದರು. ಕುಂಕುಮದ ಭರಣಿಯ ಪಕ್ಕ ಡಬ್ಬಿ ಹಾಗೇ ಇತ್ತು. ಅಮ್ಮ ಎದ್ದ ದಿನದಿಂದ ನಿಲ್ಲಿಸಿದ್ದರು.

"ಅತ್ತೆ, ಗುಳಿಗೆ ಹಂಗೆ ಇದ್ದಕ್ಕಿದ್ದಂಗೆ ನಿಲ್ಲಿಸೋ ಹಾಗಿಲ್ಲ. ವರ್ಷದಿಂದ ತಗೊಂಡವರು ನಿಲ್ಲಿಸಿದರೆ ಮೈ ಕೈಬಿಟ್ಟುಬಿಡ್ತದೆ. ಈಗಲೇ ಮೈಸೂರಿಗೆ ಕರ್ಕೊಂಡು ಹೋಗಬೇಕು."

"ಏನ್ ಮಾತು ಅಂತ ಆಡ್ತೀಯವ್ವ? ಅಮ್ಮ ಮೈಮ್ಯಾಲೆ ಕುಂತಿರೋವಾಗ ಗುಳಿಗೆ ನುಂಗ್ಸದಾ? ಕೋಪ ಮಾಡ್ಕಂಡು ಒಳಕ್ಕೆ ಇಳ್ದುಬುಟ್ಟಾಳು."

ಅವರು ಕೆಟ್ಟವರಲ್ಲ. ಊಟ ಬಿಟ್ಟು ಸೊಸೆಯ ಕಾಲ ಬಳಿ ಕೂತಿದ್ದರು. ಕಣ್ಣು ಕೆಂಪಾಗಿದ್ದವು.

ನಾನು ಭಾವನ ಕಡೆ ತಿರುಗಿದೆ. "ಇಂಥ ಗುಳಿಗೆ ಕೊಟ್ಟ ಡಾಕ್ಟರು ಸೀತಾಳೆ ವಿಷಯ ಹೇಳದೆ ಇರೋದಿಲ್ಲ ಭಾವ. ಏನೂ ಹೇಳಲಿಲ್ವಾ? ಚಿಕನ್ ಪಾಕ್ಸ್ ಅಂತ?"

ಭಾವ ನನ್ನ ಮುಖವನ್ನೇ ನೋಡಿದರು.

"ಅಂದ್ರು. ಚಿಕನ್ನು... ಅದೇನೋ ಪಾಕ್ಸು ಅಂದ್ರು. ಅದ್ನ ಹತ್ರ ಸೇರುಸ್ಬೇಡಿ, ಇವ್ರಿಗೆ ಬಾಳ ಡೇಂಜರ್ರು ಅಂದ್ರು. ಅದ್ಕೇ ಬುಟ್ಟೇ ಬುಟ್ವಲ್ಲಮ್ಮಿ. ಗೂಡೂ ತಗ್ದು ಗದ್ದೆಗೆ ಆಕ್ಬುಟ್ನಲ್ಲ..."

ಏನಾಗಿದೆ ಎಂದು ಅವರಿಗೆ ತಿಳಿಯುವುದನ್ನು ನಾನು ನೋಡಿದೆ. ಇಂಗ್ಲಿಷಿನ ಆ ಹೆಸರಿಗೂ ಬಾಗಿಲಿನ ಬೇವಿನ ಸೊಪ್ಪಿಗೂ ಸಂಬಂಧವಿದೆ ಎಂದು ಅವರಿಗೆ ಯಾರು ಹೇಳಬೇಕಿತ್ತು? ಡಾಕ್ಟರು ಕಾಯಿಲೆಯ ಮಾತಾಡಿದ್ದರು. ಇವರಿಗೆ ಅಮ್ಮ ಕಾಯಿಲೆಯೇ ಅಲ್ಲ. ಭಾವ ಗೋಡೆಗೆ ಒರಗಿ ಹಾಗೇ ಕೆಳಗೆ ಕುಸಿದು ಕೂತರು. ಹೇಳಿದ ಮಾತನ್ನು ಅಕ್ಷರ ತಪ್ಪದೆ ಪಾಲಿಸಿದ ಮನೆ ಅದು.

ಅತ್ತೆಗೆ ಅರ್ಥವಾಗಲಿಲ್ಲ. "ಏನಾತ್ಲಾ? ಯಾಕ್ಲಾ ಕುಂತ್ಕಂಡೆ?" ಎಂದು ಮಗನನ್ನು ಗದರಿದರು. ಭಾವ ಬಾಯಿ ತೆರೆಯಲಿಲ್ಲ. ನಾನೂ ಹೇಳಲಿಲ್ಲ. ಅಕ್ಕ ಕೇಳಿಸಿಕೊಳ್ಳುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ಕಣ್ಣು ಮುಚ್ಚಿದ್ದಳು.

ಅತ್ತೆಯ ಹತ್ತಿರ ಹೋಗಿ ಕೂತೆ. ಕಣಗಳ ವಿಷಯ ಎತ್ತಲಿಲ್ಲ. "ಅತ್ತೆ, ಇವಳು ಉಸಿರಾಡೋದು ನೋಡಿ" ಎಂದೆ ಅಷ್ಟೆ. ಅವರು ಸೊಸೆಯ ಎದೆಯ ಮೇಲೆ ಕೈಯಿಟ್ಟರು. ಸ್ವಲ್ಪ ಹೊತ್ತು ತೆಗೆಯಲಿಲ್ಲ. ಆಮೇಲೆ ಎದ್ದು, ಬಾಗಿಲಿನ ಬೇವಿನ ಸೊಪ್ಪನ್ನು ಕೈಗೆ ತೆಗೆದುಕೊಂಡು, ನಿಂತಲ್ಲೇ ಕಣ್ಣು ಮುಚ್ಚಿ, "ತಾಯಿ, ನಿನ್ನ ಬುಟ್ಟು ಓಗ್ತಿಲ್ಲ ಕಣವ್ವ. ನೀನೂ ಜೊತೇಲಿ ಬಾ. ಅಲ್ಲೀಗಂಟ ಬಂದು, ನಮ್ ಸೊಸೇನ ನನ್ನ ಕೈಗೆ ಕೊಟ್ಟು ಓಗು" ಎಂದರು.

ಭಾವ ಎದ್ದು ಓಡಿ ಮೆಟಾಡೋರು ಕರೆತಂದರು. ಸೀಟಿನ ಮೇಲೆ ಅತ್ತೆ ಬೇವಿನ ಸೊಪ್ಪು ಹಾಸಿದರು. ಡ್ರೈವರು ಇಣುಕಿ ನೋಡಿ ಏನೂ ಕೇಳಲಿಲ್ಲ. ಚಪ್ಪಲಿ ಬಿಚ್ಚಿ, ಜಗುಲಿಯ ಕೆಳಗೆ ಬಿಟ್ಟು, ಬರಿಗಾಲಿನಲ್ಲಿ ಗಾಡಿ ಓಡಿಸಿದ. ಅತ್ತೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತರು.

ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ಡಬ್ಬಿಯಿಂದ ಗುಳಿಗೆ ತೆಗೆದು ನುಂಗಿಸಿದೆ. ವಾಂತಿಯಾಯಿತು. ಇನ್ನೊಮ್ಮೆ ಕೊಟ್ಟೆ, ಅದೂ ನಿಲ್ಲಲಿಲ್ಲ. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಅವಳು ಕಣ್ಣು ತೆರೆದಳು.

"ಮಗೂಗೆ ತಲೆ ಬಾಚಿಲ್ಲ ಕಣೆ. ಸಿಕ್ಕಾಗೈತೆ. ಎಳೀಬ್ಯಾಡ, ನಿಧಾನಕ್ಕೆ ಬುಡ್ಸು."

"ಆಯ್ತು ಕಣಕ್ಕ."

"ನಮ್ಮತ್ತೆ ಎಳ್ದುಬುಡ್ತಾರೆ" ಎಂದಳು. ಅದು ದೂರಲ್ಲ, ತಮಾಷೆಯ ಹಾಗಿತ್ತು. ಆಮೇಲೆ ಆಸ್ಪತ್ರೆ ಬರುವವರೆಗೂ ಅವಳು ಮಾತಾಡಲಿಲ್ಲ.

ಅವಳನ್ನು ಬೇರೆ ಕೋಣೆಯಲ್ಲಿ ಇಟ್ಟರು. ಆಮ್ಲಜನಕ ಕೊಟ್ಟರು, ಸ್ಟೀರಾಯ್ಡನ್ನು ರಕ್ತಕ್ಕೆ ಹಾಕಿದರು, ವೈರಾಣುವಿನ ಔಷಧಿಯನ್ನೂ ಹೊರಗಿನ ಅಂಗಡಿಯಿಂದ ತರಿಸಿ ಶುರು ಮಾಡಿದರು. ಶ್ವಾಸಕೋಶ ತುಂಬಿಹೋಗಿತ್ತು. ಮೊದಲೇ ಕರೆತಂದಿದ್ದರೆ ಎಂದು ಡಾಕ್ಟರು ಶುರು ಮಾಡಿ, ಭಾವನ ಮುಖ ನೋಡಿ ಮಾತು ನಿಲ್ಲಿಸಿದರು. ನನ್ನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಿದರು. ಒಂದೊಂದು ವಾಕ್ಯವೂ ನನಗೆ ಅರ್ಥವಾಯಿತು. ಅರ್ಥವಾಗದ ಭಾವ ಸ್ವಲ್ಪ ದೂರದಲ್ಲಿ ನಿಂತು ನನ್ನ ಮುಖವನ್ನು ಓದುತ್ತಿದ್ದರು.

ಮರುದಿನ ಮಧ್ಯಾಹ್ನ ಅಕ್ಕ ಹೋದಳು. ಹೊರಗೆ ಬೆಂಚಿನ ಮೇಲೆ ಯಾರೋ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಭಾವ ಒಳಗೆ ಹೋಗಿ ಬಂದು, "ಮುಖ ಇಳ್ದೈತೆ ಕಣಮ್ಮಿ. ಮದ್ವೇಲಿ ಇದ್ದಂಗೆ ಆಗೈತೆ" ಎಂದರು. ನಾನು ಹೋಗಿ ನೋಡಿದೆ. ಹಾಗೇನೂ ಆಗಿರಲಿಲ್ಲ. ಹೂಂ ಎಂದೆ.

ಅಮ್ಮನಲ್ಲಿ ಹೋದವರಿಗೆ ನಮ್ಮಲ್ಲಿ ಹೆಚ್ಚು ಅಳುವ ಹಾಗಿಲ್ಲ. ದೇವರು ಕರೆದುಕೊಂಡಳು ಎಂದು ಹೇಳಿ ಬಾಯಿಗೆ ಸೆರಗು ಒತ್ತಿಕೊಳ್ಳಬೇಕು. ಅತ್ತೆ ಹಾಗೆಯೇ ಕೂತಿದ್ದರು. ಮಣ್ಣು ಮಾಡಿ ಎಲ್ಲರೂ ಹೋದ ಮೇಲೆ ನಾನು ಹಿತ್ತಿಲಲ್ಲಿ ಮಗುವನ್ನು ಕೂರಿಸಿಕೊಂಡು, ಎಣ್ಣೆ ಸವರಿ, ಕೂದಲಿನ ಸಿಕ್ಕು ಬಿಡಿಸುತ್ತಿದ್ದೆ. ಬಹಳ ಹೊತ್ತು ಹಿಡಿಯಿತು. ಮಗು ನಿದ್ದೆ ಹೋಯಿತು. ಅದರ ಹಣೆಯ ಮೇಲೆ ಹಕ್ಕಳೆ ಉದುರಿ ಒಂದು ಕುಳಿ ಉಳಿದಿತ್ತು. ಆ ಪುಟ್ಟ ಮೈಯ ಬಿಳಿ ಕಣಗಳು ತಮ್ಮ ಕೆಲಸವನ್ನು ಸರಿಯಾಗಿ ಮಾಡಿದ್ದವು.

ಅತ್ತೆ ಬಂದು ಪಕ್ಕದಲ್ಲಿ ಕೂತರು. ಅಷ್ಟು ಹೊತ್ತಿಗೆ ಭಾವ ಅವರಿಗೆ ಎಲ್ಲವನ್ನೂ ಹೇಳಿದ್ದರು.

"ಅಂಗಾದ್ರೆ ಇವ್ಳಿಂದ ಅವ್ಳಿಗೆ ಬಂತು ಅನ್ನು" ಎಂದರು, ಮಗುವನ್ನು ನೋಡುತ್ತ.

ನಾನು ಮಗುವಿನ ಹಣೆಗೆ ಇಳಿದಿದ್ದ ಎಣ್ಣೆಯನ್ನು ಸೆರಗಿನಿಂದ ಒರೆಸಿದೆ.

"ನೀನು ಓದ್ದೋಳು, ಇದ್ದದ್ದು ಇದ್ದಂಗೆ ಯೋಳೋಳು. ಆದ್ರೂ ಇದೊಂದು ಬಾಯಿ ಬುಡ್ಬ್ಯಾಡ ಕಣವ್ವ. ದೊಡ್ಡೋಳಾದ್ಮ್ಯಾಲೆ ಇವ್ಳು ಕೇಳ್ತಾಳೆ. ನನ್ನಿಂದ ನಮ್ಮವ್ವ ಓದ್ಲು ಅಂತ ಗೊತ್ತಾದ್ರೆ ಎಂಗ್ ಬದುಕ್ತಾಳೆ?"

"ಹೇಳಲ್ಲ ಅತ್ತೆ."

"ನನ್ನ ಮ್ಯಾಲೆ ಆಕು. ಗುಳಿಗೆ ನಿಲ್ಸಿದ್ದು ನಿಮ್ಮಜ್ಜಿ ಅನ್ನು. ನಂಗೇನು, ನಾನು ಇನ್ನೆಷ್ಟು ದಿನ ಇರ್ತೀನಿ."

ಅದನ್ನೂ ಹೇಳುವುದಿಲ್ಲ ಎಂದೆ. ಇಲ್ಲಿ ಯಾರ ಹೆಸರನ್ನೂ ಬರೆಯದಿರುವುದು ಅದಕ್ಕೇ.

ಇದೆಲ್ಲ ಆಗಿ ಏಳೆಂಟು ವರ್ಷವಾಯಿತು. ಈಗ ನನಗೆ ಶ್ರೀರಂಗಪಟ್ಟಣದ ಹತ್ತಿರ ಕೆಲಸ, ಅಲ್ಲೇ ಸಣ್ಣದೊಂದು ಮನೆ. ಅಕ್ಕನ ಮಗಳು ಶಾಲೆಗೆ ಹೋಗುತ್ತಾಳೆ. ರಜೆ ಬಂದರೆ ಭಾವ ಅವಳನ್ನು ಬಸ್ಸಿನಲ್ಲಿ ಕರೆತಂದು ಬಿಟ್ಟು, ಕಾಫಿ ಕುಡಿದು, ಹೆಚ್ಚು ಮಾತಿಲ್ಲದೆ ಹೋಗುತ್ತಾರೆ. ಹೋದ ರಜೆಯಲ್ಲಿ ಒಂದು ಸಂಜೆ ಅವಳು ನೆಲದ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದವಳು ತಲೆ ಎತ್ತಿದಳು.

"ಚಿಕ್ಕಮ್ಮ, ನಮ್ಮ ಕ್ಲಾಸಲ್ಲಿ ಒಬ್ಳಿಗೆ ಅಮ್ಮ ಆಗಿತ್ತು. ಒಬ್ರಿಂದ ಒಬ್ರಿಗೆ ಅಂಟ್ಕಳ್ತದೆ ಅಂತ ಮಿಸ್ಸು ಅವ್ಳನ್ನ ಮನೆಗೆ ಕಳಿಸ್ಬುಟ್ರು. ನಂಗೂ ಆಗಿತ್ತಂತೆ, ಅಲ್ವಾ?"

"ಹೂಂ, ಆಗಿತ್ತು. ನೀನು ಆಗ ತುಂಬ ಚಿಕ್ಕವಳು."

ಹಣೆಯ ಕುಳಿಯನ್ನು ಬೆರಳಿನಿಂದ ಮುಟ್ಟಿಕೊಂಡಳು. "ನಮ್ಮವ್ವಂಗೆ ಏನಾಗಿತ್ತು?"

ನಾನು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟೆ. "ನಿಮ್ಮವ್ವನಿಗೆ ಲೂಪಸ್ ಅಂತ ಒಂದು ಕಾಯಿಲೆ ಇತ್ತು ಮಗಾ."

"ಅದೂ ಅಂಟ್ಕಳ್ತದಾ?"

"ಇಲ್ಲ. ಅದು ಯಾರಿಂದ ಯಾರಿಗೂ ಅಂಟಲ್ಲ."

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ಅಂಗಾದ್ರೆ ಸರಿ" ಎಂದು ಮತ್ತೆ ಪುಸ್ತಕದ ಕಡೆ ಬಗ್ಗಿದಳು.